ಬಲ್ಬಿಗೆ ಮೊದಲು ವೈರ್ ನೋಡಿ

ಮಾನ್ಯ ಸಂಪಾದಕರೇ,

ಬೈಕಿಗೆ ಏನಾದರೂ ಹಾಕಿಸಬೇಕೆಂದು ಹೊರಟವರು ಮೊದಲು ಕೈಹಾಕುವುದು ಸೈಲೆನ್ಸರಿಗೆ, ಆಮೇಲೆ ಹೆಡ್‌ಲೈಟಿಗೆ. ಸೈಲೆನ್ಸರಿನಿಂದ ಸದ್ದು ಹೆಚ್ಚುತ್ತದೆ, ಅಷ್ಟೆ. ಹೆಡ್‌ಲೈಟ್ ನಿಜಕ್ಕೂ ಸುಧಾರಿಸಬೇಕಾದದ್ದು, ಆದರೆ ಹಿಡಿಯುವ ದಾರಿ ತಪ್ಪು. 60/55 ವ್ಯಾಟ್ (ಹೈ ಬೀಮಿಗೆ 60, ಲೋ ಬೀಮಿಗೆ 55) ಬಲ್ಬ್ ತೆಗೆದು 100/90 ಹಾಕಿದರೆ ಹೋಲ್ಡರ್ ಕರಗುತ್ತದೆ, ಸ್ವಿಚ್ಚಿನ ಪಾಯಿಂಟ್ ಸುಡುತ್ತದೆ. ಹ್ಯಾಲೋಜನ್‌ಗೆಂದು ಮಾಡಿದ ರಿಫ್ಲೆಕ್ಟರಿನೊಳಗೆ ಎಲ್‌ಇಡಿ ತುರುಕಿದರೆ ಫೋಕಸ್ ಕೆಡುತ್ತದೆ. ರಸ್ತೆಗಿಂತ ಹೆಚ್ಚಾಗಿ ಎದುರಿನವರ ಕಣ್ಣಿಗೇ ಬೆಳಕು ಹೊಡೆಯುತ್ತದೆ.

ತೊಂದರೆ ಬಹಳ ಸಲ ಬಲ್ಬಿನಲ್ಲೇ ಇರುವುದಿಲ್ಲ. ಬ್ಯಾಟರಿಯಿಂದ ಹೊರಟ ಕರೆಂಟು ಕೀ ಸ್ವಿಚ್, ಹ್ಯಾಂಡಲ್ ಸ್ವಿಚ್, ಸಣ್ಣ ವೈರ್, ಹತ್ತಾರು ಕನೆಕ್ಟರ್ ದಾಟಿ ಬಲ್ಬಿಗೆ ಮುಟ್ಟುವಷ್ಟರಲ್ಲಿ ಸೊರಗಿರುತ್ತದೆ. ಹ್ಯಾಲೋಜನ್ ಬಲ್ಬಿಗೆ ವೋಲ್ಟೇಜ್ ಶೇ 10ರಷ್ಟು ಕಡಿಮೆಯಾದರೆ ಬೆಳಕು ಸುಮಾರು ಶೇ 30ರಷ್ಟು ಹೋಗುತ್ತದೆ. ಎಂಜಿನ್ ಓಡುತ್ತಿರುವಾಗ, ಬಲ್ಬ್ ಉರಿಯುತ್ತಿರುವಾಗಲೇ, ಮಲ್ಟಿಮೀಟರಿನಲ್ಲಿ ಒಮ್ಮೆ ಬ್ಯಾಟರಿಯ ಎರಡು ತುದಿ, ಮತ್ತೊಮ್ಮೆ ಹೋಲ್ಡರಿನ ಹಿಂಬದಿ ಅಳೆಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ರಿಲೇ (ಅಲ್ಪ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್) ಹಾಕುವುದು ಸಾರ್ಥಕ.

ಬೇಕಾದದ್ದು ನಾಲ್ಕು ಕಾಲಿನ 12 ವೋಲ್ಟ್ ರಿಲೇ ಎರಡು (ಹೈಗೆ ಒಂದು, ಲೋಗೆ ಒಂದು), 10 ಆಂಪಿಯರ್ ಫ್ಯೂಸ್, 1.5 ಚದರ ಮಿ.ಮೀ. ವೈರ್. ಬ್ಯಾಟರಿಯ ಪ್ಲಸ್‌ನಿಂದ ಫ್ಯೂಸ್ ಮೂಲಕ ರಿಲೇಯ 30 ನಂಬರಿನ ಕಾಲಿಗೆ (ನಂಬರ್ ಕಾಲಿನ ಪಕ್ಕದಲ್ಲೇ ಬರೆದಿರುತ್ತದೆ), 87ರಿಂದ ಬಲ್ಬಿಗೆ. ಮೊದಲು ಬಲ್ಬಿಗೆ ಹೋಗುತ್ತಿದ್ದ ಹಳೆಯ ವೈರ್ 86ಕ್ಕೆ, 85 ಮೈನಸ್ ಕಡೆಯ ಅರ್ಥ್‌ಗೆ. ಬಲ್ಬಿನ ಅರ್ಥ್ ವೈರನ್ನೂ ಹೊಸದಾಗಿ ಬ್ಯಾಟರಿಯ ಮೈನಸ್‌ಗೇ ಎಳೆಯಿರಿ. ಇದನ್ನು ಮರೆತು ‘ರಿಲೇ ಹಾಕಿದರೂ ಅಷ್ಟಕ್ಕಷ್ಟೇ’ ಎನ್ನುವವರೇ ಹೆಚ್ಚು. ಈಗ ಸ್ವಿಚ್ಚಿನಲ್ಲಿ ಹರಿಯುವುದು ರಿಲೇ ಎಳೆಯುವಷ್ಟು ಅಲ್ಪ ಕರೆಂಟು, ಬಲ್ಬಿನ 5 ಆಂಪಿಯರ್ ಅಲ್ಲ.

ಫ್ಯೂಸ್ ಬ್ಯಾಟರಿಯಿಂದ ಒಂದು ಗೇಣಿನೊಳಗೇ ಇರಲಿ. ದೂರದಲ್ಲಿದ್ದರೆ ನಡುವಿನ ವೈರ್ ಚಾಸಿಗೆ ಉಜ್ಜಿ ಶಾರ್ಟ್ ಆದಾಗ ಫ್ಯೂಸ್ ಹಾರುವುದಿಲ್ಲ, ವೈರೇ ಹೊತ್ತಿಕೊಳ್ಳುತ್ತದೆ. ರಿಲೇ ಕಾಲುಗಳು ಕೆಳಮುಖವಾಗಿರಲಿ, ನೀರು ನಿಲ್ಲಬಾರದು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ, ಎಲ್ಲೂ ಎಳೆತ ಬೀಳದಷ್ಟು ವೈರ್ ಸಡಿಲ ಬಿಡಿ, ತುಂಡಾಗುವುದು ಅಲ್ಲೇ.

ಒಂದು ಎಚ್ಚರ. ಕೆಲವು ಹಳೆಯ ಬೈಕುಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಸಂಬಂಧವೇ ಇಲ್ಲ, ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲಿನಿಂದ ನೇರ ಎಸಿ ಕರೆಂಟು ಬರುತ್ತದೆ. ಆಕ್ಸಿಲರೇಟರ್ ಕೊಟ್ಟಂತೆ ಬೆಳಕು ಏರಿಳಿದರೆ ಅನುಮಾನಪಡಿ, ಮೀಟರನ್ನು ಎಸಿಗೆ ತಿರುಗಿಸಿ ನೋಡಿ. ಅಂಥದ್ದಕ್ಕೆ ಈ ರಿಲೇ ಹಾಕಿದರೆ ಕಟಕಟ ಎನ್ನುತ್ತದೆ. ಚಾರ್ಜಿಂಗ್ ಬದಲಿಸದೆ ಬಲ್ಬನ್ನು ಬ್ಯಾಟರಿಗೆ ಕೊಟ್ಟರೆ ಬ್ಯಾಟರಿ ಬರಿದಾಗುತ್ತದೆ.

ಜೋಡಿ ಹಾರ್ನಿಗೂ ಇದೇ ರಿಲೇ ಸೂತ್ರ. ಮೊಬೈಲ್ ಚಾರ್ಜರಿನ ಪ್ಲಸ್ಸನ್ನು ಕೀ ಸ್ವಿಚ್ಚಿನ ನಂತರವೇ ಕೊಡಿ, ಬ್ಯಾಟರಿಗೆ ನೇರವಾಗಿ ಬೇಡ.

ಬೆಳಕಿನಷ್ಟೇ ಲಾಭ ಕೊಡುವ ಇನ್ನೊಂದು ಅಗ್ಗದ ಕೆಲಸ ಬ್ರೇಕ್ ಆಯಿಲ್ ಬದಲಿಸುವುದು. ಅದು ಗಾಳಿಯ ತೇವ ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದು. ನೀರು ಸೇರಿದ ಮೇಲೆ 155ರ ಹತ್ತಿರವೇ ಕುದಿಯಬಹುದು. ಇಳಿಜಾರಿನಲ್ಲಿ ಲಿವರ್ ಮೆತ್ತಗಾಗಿ ಹ್ಯಾಂಡಲಿಗೆ ತಾಗುವುದು ಆಗಲೇ. ಎರಡು ವರ್ಷಕ್ಕೊಮ್ಮೆ ಬದಲಿಸಿ. ಡಾಟ್ 5 ಸಿಲಿಕೋನಿನದು, ಅದನ್ನು ಇದರೊಂದಿಗೆ ಬೆರೆಸಬಾರದು.

ಇಂಥ ರಿಲೇಯನ್ನು ಕಂಪನಿಗಳೇ ಎಲ್ಲ ಹ್ಯಾಲೋಜನ್ ಬೈಕುಗಳಿಗೂ ಹಾಕಿ ಕೊಡಬಹುದಿತ್ತು. ಉಳಿಸಿದ್ದು ಎರಡು ರಿಲೇ, ಎರಡು ಮಾರು ವೈರ್.

ಇತಿ,
ಒಬ್ಬ ಆಟೊ ಎಲೆಕ್ಟ್ರಿಷಿಯನ್