ಪುಟ್ಟಿ, ಮನೆಗೆ ಬೆಲೆ ಹೇಳೋಕ್ ಮುಂಚೆ ನಮ್ಮ ಕ್ರಾಸಿನ ಲೆಕ್ಕ ನೋಡು

ಚಿ. ಪುಟ್ಟಿಗೆ ನಿನ್ನ ಸೋದರಮಾವ ಮಾಡೋ ಆಶೀರ್ವಾದಗಳು. ನಾವೆಲ್ಲಾ ಇಲ್ಲಿ ಕ್ಷೇಮ, ಪುಣೆಯಲ್ಲಿ ನೀನು, ಅಳಿಯಂದ್ರು, ಮಗು ಎಲ್ಲಾ ಚೆನ್ನಾಗಿದೀರಾ ಅಂದ್ಕೊಂಡಿದೀನಿ.

ಅಕ್ಕ ಫೋನ್ ಮಾಡಿದ್ಲು, ರಾಜಾಜಿನಗರದ ಮನೆ ಮಾರೋದು ಅಂತ ಅವಳು, ನೀನು, ನಿನ್ನ ತಮ್ಮ ಮೂರೂ ಜನ ಒಪ್ಕೊಂಡಿದೀರಂತೆ. ಒಳ್ಳೇದೇ ಆಯ್ತು, ಮಂಡಿ ನೋವು ಇಟ್ಕೊಂಡು ಅವಳೊಬ್ಬಳೇ ಅಷ್ಟು ದೊಡ್ಡ ಮನೇಲಿ ಮೇಲೆ ಕೆಳಗೆ ಓಡಾಡೋದು ನನಗೂ ಸರಿ ಕಾಣ್ತಿರ್ಲಿಲ್ಲ. ಆದ್ರೆ ನೀನು ವಾಟ್ಸಾಪಲ್ಲಿ ಕಳ್ಸಿದ ಬೆಲೆ ನೋಡಿದ ಮೇಲೆ ಸುಮ್ನಿರೋಕಾಗ್ಲಿಲ್ಲ. ಆಪ್‌ನಲ್ಲಿ ರಾಜಾಜಿನಗರ ಅಂತ ಹಾಕಿದೆ, ಅಡಿಗೆ ಇಷ್ಟು ಅಂತ ತೋರಿಸ್ತು, 1200ರಿಂದ ಗುಣಿಸಿದೆ ಅಂತ ಬರ್ದಿದೀಯಲ್ಲ, ಆ ಲೆಕ್ಕ ಹಿಡ್ಕೊಂಡು ಹೊರಟ್ರೆ ಮನೆ ವರ್ಷಗಟ್ಟಲೆ ಹಾಗೇ ನಿಲ್ಲುತ್ತೆ ಕಣೇ, ಕೊನೆಗೆ ಅಕ್ಕಂಗೆ ಸಾಕಾಗಿ ಯಾರೋ ಒಬ್ರು ಹೇಳಿದ ಬೆಲೆಗೆ ಹೂಂ ಅಂದುಬಿಡ್ತಾಳೆ. ಬ್ಯಾಂಕಲ್ಲಿ ಹೌಸಿಂಗ್ ಲೋನ್ ಸೆಕ್ಷನ್‌ನಲ್ಲಿ ಇದ್ದಾಗ ಈ ಥರದ್ದು ಎಷ್ಟೋ ಮನೆ ನೋಡಿದೀನಿ, ಅದಕ್ಕೇ ಫೋನಲ್ಲಿ ಹೇಳೋದು ಬೇಡ, ಬರ್ದೇ ಕಳ್ಸೋಣ ಅನ್ನಿಸ್ತು.

ಮೊದಲನೇದಾಗಿ, ಆಪ್‌ನಲ್ಲಿ ಕಾಣೋದು ಮಾರೋರು ಕೇಳ್ತಿರೋ ಬೆಲೆ, ಮಾರಾಟ ಆದ ಬೆಲೆ ಅಲ್ಲ. ಎರಡಕ್ಕೂ ಬಹಳ ಅಂತರ ಇರುತ್ತೆ. ಮೇಲಾಗಿ ರಾಜಾಜಿನಗರ ಅಂದ್ರೆ ಯಾವ ರಾಜಾಜಿನಗರ? ಡಾ. ರಾಜ್‌ಕುಮಾರ್ ರೋಡಿಗೆ ಅಂಟಿಕೊಂಡಿರೋ ಕಮರ್ಷಿಯಲ್ ಜಾಗ, ಓರಾಯನ್ ಮಾಲ್ ಪಕ್ಕದ ದೊಡ್ಡ ಅಪಾರ್ಟ್‌ಮೆಂಟು, ಇಂಡಸ್ಟ್ರಿಯಲ್ ಎಸ್ಟೇಟ್ ಕಡೆಯ ಶೆಡ್ಡು, ಭಾಷ್ಯಂ ಸರ್ಕಲ್ ಹತ್ರದ ಹಳೇ ಮನೆ, ಇವನ್ನೆಲ್ಲಾ ಒಟ್ಟಿಗೆ ಹಾಕಿ ಸರಾಸರಿ ತೆಗೆದ್ರೆ ಬರೋ ಅಂಕಿ ಯಾವ ಮನೆಯದ್ದೂ ಅಲ್ಲ. ಒಂದೇ ಬ್ಲಾಕಲ್ಲಿ ಮೇನಿಗೊಂದು ರೇಟು, ಹಿಂದಿನ ಕ್ರಾಸಿಗೊಂದು ರೇಟು. ಹಾಗಂತ ಆಪ್ ನೋಡ್ಲೇಬೇಡ ಅಂತಿಲ್ಲ, ನೋಡು, ಆದ್ರೆ ಬೇರೆ ಥರ ನೋಡು. ನಮ್ಮ ಬ್ಲಾಕಿನಲ್ಲಿ ನಮ್ಮ ಥರ 30 ಅಡಿಗೆ 40 ಅಡಿ ಸೈಟಿನ ಮನೆಗಳ ಜಾಹೀರಾತು ಒಂದು ಪುಸ್ತಕದಲ್ಲಿ ತಾರೀಖು ಸಮೇತ ಬರ್ದಿಟ್ಕೋ, ಯಾವ್ದು ತಿಂಗಳಾನುಗಟ್ಟಲೆ ಅದೇ ಫೋಟೋ ಹಾಕ್ಕೊಂಡು ಕೂತಿದೆ, ಯಾವ್ದು ಬೆಲೆ ಇಳಿಸ್ತು, ಯಾವ್ದು ಬೇಗ ಮಾಯ ಆಯ್ತು ಅಂತ ಗಮನಿಸ್ತಾ ಹೋಗು, ಯಾವ ಬೆಲೆಗೆ ಜನ ಬರಲ್ಲ ಅನ್ನೋದು ತಾನಾಗೇ ಗೊತ್ತಾಗುತ್ತೆ.

ನಿಜವಾದ ಮಾಹಿತಿ ಇರೋದು ಸಬ್ ರಿಜಿಸ್ಟ್ರಾರ್ ಆಫೀಸಿನ ದಾಖಲೆಯಲ್ಲಿ. ನೋಂದಣಿ ಕಾಯ್ದೆ ಪ್ರಕಾರ ಸ್ಥಿರಾಸ್ತಿಯ ಕ್ರಯಪತ್ರಗಳು ದಾಖಲಾಗೋ ಒಂದನೇ ಪುಸ್ತಕವನ್ನ ಯಾರು ಬೇಕಾದ್ರೂ ಫೀಸ್ ಕಟ್ಟಿ ನೋಡಬಹುದು, ನಕಲು ತಗೋಬಹುದು, ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಈಗ ನೋಂದಣಿ ಇಲಾಖೆಯ ವೆಬ್‌ಸೈಟು ಕಾವೇರಿ 2.0 ಬಂದ ಮೇಲೆ ಇಸಿಗೆ, ಅಂದ್ರೆ ಒಂದು ಆಸ್ತಿ ಮೇಲೆ ಆಗಿರೋ ಮಾರಾಟ, ಅಡಮಾನ ಎಲ್ಲಾ ತೋರ್ಸೋ ಋಣಭಾರ ಪತ್ರಕ್ಕೆ, ಮನೇಲೇ ಕೂತು ಅರ್ಜಿ ಹಾಕಬಹುದು. ನಮ್ಮ ಕ್ರಾಸು, ಹಿಂದಿನ ಕ್ರಾಸು, ಪಕ್ಕದ ಮೇನು, ಇಷ್ಟರಲ್ಲಿ ಇತ್ತೀಚೆಗೆ ಕೈ ಬದಲಾದ ಮನೆ ಯಾವ್ದು ಅಂತ ಅಕ್ಕಂಗೇ ಗೊತ್ತಿರುತ್ತೆ, ಹಾಲಿನ ಬೂತಲ್ಲಿ, ಐರನ್ ಅಂಗಡೀಲಿ ಕೇಳಿದ್ರೂ ಹೇಳ್ತಾರೆ. ಆ ಸೈಟ್ ನಂಬರ್ ಹಿಡಿದು ಇಸಿ ತೆಗೆಸು. ಅದ್ರಲ್ಲಿ ಎರಡು ಮೊತ್ತ ಇರುತ್ತೆ, ಮಾರುಕಟ್ಟೆ ಮೌಲ್ಯ ಅಂತ ಒಂದು, ಪ್ರತಿಫಲ ಅಂತ ಒಂದು. ಹೆಸರು ನೋಡಿ ಮೋಸ ಹೋಗಬೇಡ, ಮಾರುಕಟ್ಟೆ ಮೌಲ್ಯ ಅನ್ನೋದು ಗೈಡೆನ್ಸ್ ವ್ಯಾಲ್ಯೂ, ಅಂದ್ರೆ ನೋಂದಣಿಗೆ ಅಂತ ಸರ್ಕಾರ ಗೊತ್ತು ಮಾಡಿರೋ ಬೆಲೆಯ ಲೆಕ್ಕದ್ದು, ಕೊಂಡೋರು ಕೊಟ್ವಿ ಅಂತ ಪತ್ರದಲ್ಲಿ ಬರೆಸಿರೋದು ಪ್ರತಿಫಲ. ಆಸ್ತಿ ವಿವರದ ಷೆಡ್ಯೂಲಲ್ಲಿ ಅಳತೆ, ಚಕ್ಕುಬಂದಿ (ನಾಲ್ಕೂ ಕಡೆಯ ಗಡಿ) ಇರುತ್ತೆ, ಅದನ್ನ ಸರಿಯಾಗಿ ಓದು, ಯಾಕಂದ್ರೆ ಎಷ್ಟೋ ಸಲ ಮಾರಿರೋದು ಅರ್ಧ ಸೈಟು ಮಾತ್ರ ಆಗಿರುತ್ತೆ, ನಾವು ಪೂರ್ತಿ ಮನೆ ಅಂದ್ಕೊಂಡು ಅಡಿ ರೇಟು ತಪ್ಪು ಹಾಕ್ಕೊಂಡಿರ್ತೀವಿ.

ಪತ್ರದಲ್ಲಿ ಕಡಿಮೆ ತೋರ್ಸಿರ್ತಾರಲ್ಲ ಮಾವ ಅಂತ ನೀನು ಕೇಳ್ತೀಯ. ಹೌದು, ತೋರ್ಸಿರ್ತಾರೆ. ಅದಕ್ಕೊಂದು ದಾರಿ ಹೇಳ್ತೀನಿ. ಅದೇ ಇಸಿಯಲ್ಲಿ ಕ್ರಯಪತ್ರದ ಕೆಳಗೆ, ಅದೇ ದಿನ ಇಲ್ಲಾ ಸ್ವಲ್ಪ ದಿನದ ಮೇಲೆ, ಕೊಂಡೋರು ಬ್ಯಾಂಕಿಗೆ ಮನೆ ಪತ್ರ ಅಡ ಇಟ್ಟ ನೋಂದಣಿ ಇದ್ಯಾ ನೋಡು, ಅದ್ರಲ್ಲಿ ಲೋನಿನ ಮೊತ್ತ ಬರೆದಿರುತ್ತೆ. ರಿಸರ್ವ್ ಬ್ಯಾಂಕ್ ನಿಯಮದ ಪ್ರಕಾರ 75 ಲಕ್ಷಕ್ಕಿಂತ ದೊಡ್ಡ ಮನೆ ಲೋನಿಗೆ ಬ್ಯಾಂಕು ಮನೆ ಬೆಲೆಯ ಶೇ 75ಕ್ಕಿಂತ ಜಾಸ್ತಿ ಕೊಡೋ ಹಾಗಿಲ್ಲ. ಅಂದ್ರೆ ಲೋನು 1 ಕೋಟಿ 20 ಲಕ್ಷ ಅಂತಿದ್ರೆ ಆ ಮನೆ ಕನಿಷ್ಠ 1 ಕೋಟಿ 60 ಲಕ್ಷ ಬಾಳುತ್ತೆ ಅಂತ ಬ್ಯಾಂಕಿನ ವ್ಯಾಲ್ಯುಯರ್ ಬಂದು ಅಳೆದು ಸೈನ್ ಹಾಕಿದಾನೆ. ಬಾಯಿ ಮಾತಲ್ಲಿ ಎರಡೂವರೆಗೆ ಹೋಯ್ತಂತೆ, ಮೂರಕ್ಕೆ ಹೋಯ್ತಂತೆ ಅನ್ನೋರಿಗಿಂತ ಈ ಕಾಗದವನ್ನ ನಾನು ನಂಬ್ತೀನಿ. ಹರಾಜಿನ ಬೆಲೆಗಳೂ ಸಿಗ್ತವೆ, ಸಾಲ ಕಟ್ಟದ ಮನೆಗಳನ್ನ ಬ್ಯಾಂಕುಗಳು ಹರಾಜು ಹಾಕೋ ನೋಟಿಸು ಪೇಪರಲ್ಲಿ ರಿಸರ್ವ್ ಪ್ರೈಸ್, ಅಂದ್ರೆ ಹರಾಜಿನ ಕನಿಷ್ಠ ಬೆಲೆ ಜೊತೆ ಬರುತ್ತೆ, ಆದ್ರೆ ಅದು ಕಷ್ಟದಲ್ಲಿ ಮಾರೋ ಮನೆ ಬೆಲೆ, ನಮ್ಮದಕ್ಕೆ ಹೋಲಿಸಬೇಡ, ಇದಕ್ಕಿಂತ ಕೆಳಗೆ ಹೋಗಬಾರ್ದು ಅನ್ನೋಕಷ್ಟೇ ಇಟ್ಕೋ. ಸಿಕ್ಕ ಮಾರಾಟ ಎರಡು ವರ್ಷದ ಹಿಂದಿನದು ಅನ್ನು, ಆವಾಗಿಂದ ಎಷ್ಟು ಏರಿರಬಹುದು ಅಂತ ನೋಡೋಕೆ ರಿಸರ್ವ್ ಬ್ಯಾಂಕಿನ ಮನೆ ಬೆಲೆ ಸೂಚ್ಯಂಕ, ನ್ಯಾಷನಲ್ ಹೌಸಿಂಗ್ ಬ್ಯಾಂಕಿನ ರೆಸಿಡೆಕ್ಸ್ ಅನ್ನೋ ಸೂಚ್ಯಂಕ ಎರಡರಲ್ಲೂ ಬೆಂಗಳೂರಿಗೆ ಬೇರೆ ಅಂಕಿ ಇದೆ. ಅವು ಇಡೀ ಊರಿನ ಏರಿಳಿತ ಹೇಳ್ತವೆ, ನಮ್ಮ ಬೀದಿ ಬೆಲೆ ಹೇಳಲ್ಲ.

ಹೀಗೆ ನಾಲ್ಕೈದು ಮಾರಾಟ ಸಿಕ್ಕಿದ ಮೇಲೆ ನಮ್ಮ ಮನೆಗೂ ಅವಕ್ಕೂ ಏನು ವ್ಯತ್ಯಾಸ ಅಂತ ಕೂತು ಯೋಚನೆ ಮಾಡಬೇಕು, ಅಸಲಿ ಕೆಲ್ಸ ಇಲ್ಲೇ ಇರೋದು. ನಮ್ಮದು ಪಶ್ಚಿಮ ದಿಕ್ಕಿನ ಬಾಗಿಲು, ಪೂರ್ವ ಉತ್ತರ ಬೇಕು ಅನ್ನೋರೇ ಜಾಸ್ತಿ, ನಾವು ನಂಬ್ತೀವೋ ಬಿಡ್ತೀವೋ, ಕೊಳ್ಳೋರು ನಂಬ್ತಾರೆ, ಅದಕ್ಕೆ ಸ್ವಲ್ಪ ಬೆಲೆ ಬಿಡಲೇಬೇಕು. ನಮ್ಮ ಕ್ರಾಸು ಕಿರಿದು, ಎರಡೂ ಕಡೆ ಕಾರು ನಿಂತ್ರೆ ಗ್ಯಾಸ್ ಗಾಡಿ ಬರಲ್ಲ, ಹೊಸದಾಗಿ ಕಟ್ಟೋರಿಗೆ ಎಷ್ಟು ಕಟ್ಟಬಹುದು ಅನ್ನೋದೂ ರಸ್ತೆ ಅಗಲದ ಮೇಲೆ ನಿಂತಿದೆ. ಅದೇ ಮಹಾಕವಿ ಕುವೆಂಪು ರಸ್ತೆ ಮೆಟ್ರೋ ಸ್ಟೇಷನ್‌ಗೆ ನಡ್ಕೊಂಡು ಹೋಗಬಹುದು, 2014ರಲ್ಲಿ ಆ ಲೈನು ಶುರುವಾದಾಗಿಂದ ಬಾಡಿಗೆಗೆ ಬರೋರು ಮೊದ್ಲು ಕೇಳೋದೇ ಅದನ್ನ, ಅಲ್ಲಿ ನಮಗೆ ಲಾಭ. ಇನ್ನೊಂದು, 20-30 ಸೈಟಿನ ಅಡಿ ರೇಟು ತಂದು ನಮ್ಮ 30-40ಕ್ಕೆ ಹಾಕಬೇಡ. ಸಣ್ಣ ಸೈಟಿಗೆ ಒಟ್ಟು ದುಡ್ಡು ಕಡಿಮೆ ಸಾಕು, ಕೊಳ್ಳೋರು ಜಾಸ್ತಿ, ಅದಕ್ಕೆ ಅಡಿ ರೇಟು ಮೇಲಿರುತ್ತೆ.

ಕಟ್ಟಡದ ವಿಷಯ ಹೇಳೋಕೆ ನನಗೇ ಸಂಕಟ. ಭಾವ ಆ ಮನೆ ಕಟ್ಟಿಸ್ದಾಗ ದಿನಾ ಸಾಯಂಕಾಲ ಆಫೀಸಿಂದ ಸೀದಾ ಬಂದು ಗೋಡೆಗೆ ನೀರು ಹಾಕ್ತಿದ್ರು, ತೇಗದ ಬಾಗಿಲಿಗೆ ಊರಿಂದ ಬಡಗಿ ಕರೆಸಿದ್ರು, ಆ ಮೊಸಾಯಿಕ್ ನೆಲ ಇವತ್ತಿಗೂ ಒಂದು ಬಿರುಕು ಬಿಟ್ಟಿಲ್ಲ. ಆದ್ರೆ ವ್ಯಾಲ್ಯುಯರ್ ಬಂದ್ರೆ ಎಷ್ಟು ಚದರ, ಎಷ್ಟು ವರ್ಷ ಹಳೇದು ಅಂತ ಕೇಳ್ತಾನೆ ಅಷ್ಟೇ. ಲೆಕ್ಕ ಹೇಳ್ತೀನಿ, ಅಂಕಿ ಎಲ್ಲಾ ಉದಾಹರಣೆಗೆ ಮಾತ್ರ. 12 ಚದರ ಮನೆ, ಅಂದ್ರೆ 1200 ಚದರಡಿ, ಇವತ್ತು ಕಟ್ಟಿದ್ರೆ ಅಡಿಗೆ 2000 ಅಂತ ಇಟ್ಕೋ, 24 ಲಕ್ಷ ಆಯ್ತು. ಕಟ್ಟಡದ ಆಯಸ್ಸು 60 ವರ್ಷ ಅಂತ ಹಿಡಿದ್ರೆ 36 ವರ್ಷ ಕಳೆದಿದೆ, ಉಳಿದಿದ್ದು ಶೇ 40, ಅಂದ್ರೆ 9 ಲಕ್ಷ 60 ಸಾವಿರ. ಜಾಗ ಅಡಿಗೆ 16 ಸಾವಿರ ಅಂತ ಬಂದ್ರೆ 1200 ಅಡಿಗೆ 1 ಕೋಟಿ 92 ಲಕ್ಷ. ಎರಡೂ ಸೇರಿ 2 ಕೋಟಿ ಸುಮಾರು. ಅದೇ ಆಪ್ ನೋಡಿ 19 ಸಾವಿರ ಅಂತ ಹಾಕಿದ್ರೆ ಬರೀ ಜಾಗಕ್ಕೇ 2 ಕೋಟಿ 28 ಲಕ್ಷ ಆಗುತ್ತೆ. ಜಾಗದ ಬೆಲೆಯ ಆ 36 ಲಕ್ಷ ಅಂತರದಲ್ಲೇ ಒಳ್ಳೇ ಪಾರ್ಟಿಗಳು ಒಳಗೆ ಬಂದು ನೋಡದೇನೇ ಹೋಗ್ಬಿಡ್ತಾರೆ. ಒಡೆದು ಕಟ್ಟೋರು ಬಂದ್ರೆ ಕಟ್ಟಡಕ್ಕೆ ಏನೂ ಕೊಡಲ್ಲ, ವಾಸಕ್ಕೆ ಬರೋರು ಕೊಡ್ತಾರೆ, ಹಾಗಾಗಿ ಸಂಪು, ಬೋರು, ವೈರಿಂಗ್ ಸರಿ ಮಾಡಿಸಿ ಸುಣ್ಣಬಣ್ಣ ಹೊಡೆಸು. ಅದಕ್ಕಿಂತ ಜಾಸ್ತಿ ಖರ್ಚು ಬೇಡ, ಮಾಡ್ಯುಲರ್ ಕಿಚನ್ ಹಾಕಿಸೋಣ ಅಂತ ಬರ್ದಿದ್ಯಲ್ಲ, ಅದಂತೂ ಖಂಡಿತ ಬೇಡ. ಮೇಲಿನ ಮನೇಲಿ ಭೋಗ್ಯಕ್ಕೆ ಇರೋರ ಹತ್ರ ಈಗ್ಲೇ ಮಾತಾಡು, ಅವರ ದುಡ್ಡು ವಾಪಸ್ ಕೊಡೋದು ಯಾವಾಗ, ಖಾಲಿ ಮಾಡೋದು ಯಾವಾಗ ಅಂತ ಬರವಣಿಗೇಲಿ ಇರಲಿ.

ಕೊಳ್ಳೋರ ಜೇಬನ್ನೂ ಸ್ವಲ್ಪ ನೋಡಬೇಕು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1 ಇದ್ದಿದ್ದು ಶೇ 2 ಆಗಿದೆ, ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ ಒಟ್ಟು ಶೇ 7.6 ಆಗುತ್ತೆ. ಎರಡು ಕೋಟಿಗೆ 15 ಲಕ್ಷದ ಮೇಲೆ. ಅದಕ್ಕೇ ಪತ್ರದಲ್ಲಿ ಕಡಿಮೆ ಬರೆಸೋಣ, ಉಳಿದಿದ್ದು ಕ್ಯಾಶ್ ಕೊಡ್ತೀವಿ ಅಂತ ಬರ್ತಾರೆ. ಒಪ್ಪಬೇಡ. ಮನೆ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕೂ ಜಾಸ್ತಿ ಕ್ಯಾಶ್ ತಗೊಂಡ್ರೆ ತಗೊಂಡಷ್ಟೂ ದಂಡ ಬೀಳಬಹುದು, ಆ ದಂಡ ಬೀಳೋದು ತಗೊಂಡೋರಿಗೆ, ಅಂದ್ರೆ ಅಕ್ಕನ ತಲೆ ಮೇಲೆ. ಗೈಡೆನ್ಸ್ ವ್ಯಾಲ್ಯೂ ಬೆಂಗಳೂರಲ್ಲಿ 2023ರ ಅಕ್ಟೋಬರ್‌ನಲ್ಲಿ ಪರಿಷ್ಕರಣೆ ಆಗಿದೆ, ನಮ್ಮ ರಸ್ತೆಗೆ ಎಷ್ಟು ಅಂತ ಕಾವೇರಿಯಲ್ಲೇ ನೋಡ್ಕೋ. ಅದು ಮಾರಿದ ಬೆಲೆಗಿಂತ ಶೇ 10ಕ್ಕೂ ಜಾಸ್ತಿ ಇದ್ರೆ ಟ್ಯಾಕ್ಸ್‌ನೋರು ಅದನ್ನೇ ಮಾರಿದ ಬೆಲೆ ಅಂತ ಹಿಡೀತಾರೆ.

ಕಾಗದಪತ್ರದ ಬಗ್ಗೆ ಎರಡೇ ಮಾತು. ಭಾವ ವಿಲ್ ಬರೆದಿಲ್ಲ, ಹಾಗಾಗಿ ಅಕ್ಕ, ನೀನು, ನಿನ್ನ ತಮ್ಮ ಮೂರು ಜನಕ್ಕೂ ಸಮಪಾಲು, ಮೂರೂ ಸಹಿ ಬೇಕು, ಖಾತೆ ಇನ್ನೂ ಭಾವನ ಹೆಸರಲ್ಲೇ ಇದ್ರೆ ಮೊದ್ಲು ಪೌತಿ ಖಾತೆ (ತೀರಿಕೊಂಡೋರ ಹೆಸರಿಂದ ವಾರಸುದಾರರ ಹೆಸರಿಗೆ), ಆಮೇಲೆ ಕಂಪ್ಯೂಟರ್ ಖಾತೆ ಅಂತಾರಲ್ಲ ಆ ಇ-ಖಾತಾ, ಅದಿಲ್ದೆ ಈಗ ರಿಜಿಸ್ಟ್ರೇಷನ್ನೇ ಆಗಲ್ಲ. ತಮ್ಮ ಡಲ್ಲಾಸಲ್ಲಿ ಇರೋದ್ರಿಂದ ಅವನ ಪಾಲಿಗೆ ಕೊಳ್ಳೋರು ಮೊದ್ಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ತೆರಿಗೆ, ಟಿಡಿಎಸ್, ನಿಮ್ಮ ಥರ ಶೇ 1 ಅಲ್ಲ, ಬಹಳ ಜಾಸ್ತಿ. ಅವನು ಮುಂಚೇನೇ ಕಡಿಮೆ ಕಡಿತದ ಸರ್ಟಿಫಿಕೇಟಿಗೆ ಅರ್ಜಿ ಹಾಕ್ಲಿ. ಅಮೆರಿಕದ ನಮ್ಮ ಭಾರತದ ಕಾನ್ಸುಲೇಟ್ ಮೂಲಕ ಪವರ್ ಆಫ್ ಅಟಾರ್ನಿ ಮಾಡಿಸಿ ಕಳ್ಸಿದ್ರೆ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟಾಂಪ್ ಡ್ಯೂಟಿ ಕಟ್ಟಿಸಬೇಕು. 2024ರ ಜುಲೈ 23ಕ್ಕೆ ಮುಂಚಿನ ಆಸ್ತಿ ಆದ್ರಿಂದ ಮಾರಿದ ಲಾಭದ ಮೇಲಿನ ತೆರಿಗೆಯನ್ನ ನೀನೂ ಅಕ್ಕನೂ ಇಂಡೆಕ್ಸೇಷನ್ (ಹಳೇ ಬೆಲೆಯನ್ನ ಹಣದುಬ್ಬರಕ್ಕೆ ತಕ್ಕಂತೆ ಏರಿಸೋದು) ಜೊತೆ ಶೇ 20 ಅಥವಾ ಅದಿಲ್ದೆ ಶೇ 12.5, ಯಾವ್ದು ಕಡಿಮೆಯೋ ಅದನ್ನ ಕಟ್ಟಬಹುದು, ಅವನಿಗೆ ಆ ಆಯ್ಕೆ ಇಲ್ಲ. ಉಳಿದಿದ್ದು ಆಡಿಟರ್ ನೋಡ್ಕೋತಾರೆ.

ಬ್ರೋಕರ್ ಒಬ್ರು, ಹೆಚ್ಚಂದ್ರೆ ಇಬ್ರು ಸಾಕು. ಸಿಕ್ಕವರಿಗೆಲ್ಲಾ ಕೊಟ್ರೆ ಒಂದೇ ಮನೆ ಐದು ಬೆಲೆಗೆ ಐದು ಕಡೆ ಬರುತ್ತೆ, ನೋಡಿದೋರು ಇದ್ಯಾಕೋ ಗಡಿಬಿಡೀಲಿ ಮಾರ್ತಿದಾರೆ ಅಂದ್ಕೋತಾರೆ. ಲೆಕ್ಕದಲ್ಲಿ ಬಂದ ಬೆಲೆ ಮೇಲೆ ಚೌಕಾಸಿಗೆ ಸ್ವಲ್ಪ ಇಟ್ಕೊಂಡು ಹೇಳು, ಚೌಕಾಸಿ ಮಾಡದೇ ಮನೆ ತಗೊಂಡ್ರೆ ನಮ್ಮ ಜನಕ್ಕೆ ಸಮಾಧಾನ ಇರಲ್ಲ, ಆದ್ರೆ ಶೇ 5ರ ಮೇಲೆ ಇಡಬೇಡ. ಹೊಸದಾಗಿ ಹೊರಗೆ ಬಂದ ಮನೆಗೆ ಮೊದಲ ತಿಂಗಳಲ್ಲಿ ಬರೋ ಪಾರ್ಟಿಗಳು ಆಮೇಲೆ ಬರಲ್ಲ, ಅವರು ಎಷ್ಟೋ ಮನೆ ನೋಡಿ ಬೆಲೆ ಗೊತ್ತಿರೋರು. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಫೋನ್ ಬರ್ಲಿಲ್ಲ ಅಂತ ಹೆದರಿ ಬೆಲೆ ಇಳಿಸಬೇಡ, ಆ ದಿನಗಳಲ್ಲಿ ಯಾರೂ ಅಡ್ವಾನ್ಸ್ ಕೊಡಲ್ಲ. ಒಳ್ಳೇ ತಿಂಗಳಲ್ಲಿ ಆರೇಳು ವಾರ ಆದ್ರೂ ಒಬ್ರೂ ಎರಡನೇ ಸಲ ನೋಡೋಕೆ ಬರ್ಲಿಲ್ಲ ಅಂದ್ರೆ ಬೆಲೆ ಜಾಸ್ತಿ ಆಗಿದೆ ಅಂತಾನೇ ಅರ್ಥ, ಆವಾಗ ಅಭಿಮಾನ ಬಿಟ್ಟು ಒಂದೇ ಸಲ ಸರಿಯಾಗಿ ಇಳಿಸು, ವಾರವಾರ ಸ್ವಲ್ಪ ಸ್ವಲ್ಪ ಇಳಿಸ್ತಾ ಹೋದ್ರೆ ಇನ್ನೂ ಇಳಿಯುತ್ತೆ ಅಂತ ಕಾಯ್ತಾರೆ.

ಅಕ್ಕನ ಮುಂದಿನ ಜೀವನದ ದುಡ್ಡು ಇದು, ಪುಟ್ಟಿ, ಅದಕ್ಕೇ ಇಷ್ಟುದ್ದ ಬರೀತಿದೀನಿ. ಹಿಂದಿನ ಕ್ರಾಸಿನ ಮೂಲೆ ಮನೆ, ದೇವಸ್ಥಾನದ ಪಕ್ಕದ ಮನೆ, ಎರಡರ ಇಸಿಗೂ ನಾನೇ ಅರ್ಜಿ ಹಾಕಿದೀನಿ, ಬಂದ ತಕ್ಷಣ ಫೋಟೋ ತೆಗೆದು ಕಳ್ಸ್ತೀನಿ. ನೀನು ಅಷ್ಟರಲ್ಲಿ ಅಕ್ಕನ ಬೀರುವಿಂದ ಸಿಐಟಿಬಿ (ಬಿಡಿಎಗೆ ಮುಂಚಿನ ಮಂಡಳಿ) ಕಾಲದ ಮೂಲಪತ್ರ, ಸ್ಯಾಂಕ್ಷನ್ ಪ್ಲಾನು, ಕಂದಾಯದ ರಸೀದಿ ತೆಗೆಸಿ ಸ್ಕ್ಯಾನ್ ಮಾಡಿಸು. ಆ ಇಸಿಗಳೂ ಈ ಪತ್ರಗಳೂ ಕೈಗೆ ಬರೋವರೆಗೂ ಯಾವ ಬ್ರೋಕರ್‌ಗೂ ಯಾವ ಬೆಲೆಯೂ ಹೇಳಬೇಡ.

ಇಂತಿ ನಿನ್ನ ಮಾವ