ಹೊಸ ಆವೃತ್ತಿಯ ಕಾಳಗದ ನಿಯಮಗಳ ಬಗ್ಗೆ ದೂರು

ಗೆ,
ಗ್ರಾಹಕ ಸೇವೆ ಮತ್ತು ನಿಯಮ ವಿನ್ಯಾಸ ವಿಭಾಗ

ವಿಷಯ: ಹೊಸ ರೂಲ್‌ಬುಕ್‌ನ ಕಾಳಗದ ಅಧ್ಯಾಯದಿಂದ ಕೈಬಿಟ್ಟಿರುವ ನಿಯಮಗಳು

ಮಾನ್ಯರೇ,

ನಿಮ್ಮ ರೋಲ್‌ಪ್ಲೇಯಿಂಗ್ ಆಟದ ಹಿಂದಿನ ಆವೃತ್ತಿಯನ್ನು ಹನ್ನೊಂದು ವರ್ಷ ಆಡಿಸಿದ ಗೇಮ್ ಮಾಸ್ಟರ್ ನಾನು; ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರ ಆಡುವಾಗ ಕಥೆ ನಡೆಸುವವನು, ಶತ್ರುಗಳನ್ನು ಆಡಿಸುವವನು. ಹೊಸ ಆವೃತ್ತಿಗೆ ಬಿಡುಗಡೆಗೂ ಮೊದಲೇ ಹಣ ಕಟ್ಟಿ ಪುಸ್ತಕ ತರಿಸಿಕೊಂಡೆ. ಆರು ವಾರ ಆಡಿಸಿ ನೋಡಿದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಲೆಕ್ಕ ಕಡಿಮೆ ಮಾಡಲು ಹೋಗಿ, ಆಟಗಾರರು ತಲೆ ಓಡಿಸಬೇಕಾದ ಜಾಗಗಳನ್ನೇ ನೀವು ತೆಗೆದುಹಾಕಿದ್ದೀರಿ ಎಂಬುದು ನನ್ನ ದೂರು.

ಕಳೆದ ವಾರದ ಆಟದಲ್ಲಿ ಆದದ್ದನ್ನೇ ಹೇಳುತ್ತೇನೆ. ಇಬ್ಬರು ಮಾತ್ರ ನುಗ್ಗಬಹುದಾದಷ್ಟು ಅಗಲದ ಸುರಂಗ. ಒಳಗೆ ನಮ್ಮ ತಂಡದ ಇಬ್ಬರು ಗಾಯಗೊಂಡು ಬಿದ್ದಿದ್ದಾರೆ. ನಾಲ್ಕು ವರ್ಷದಿಂದ ಈಟಿಗಾರ್ತಿಯ ಪಾತ್ರ ಆಡುತ್ತಿರುವ ಹುಡುಗಿ ತನ್ನ ಗೊಂಬೆಯನ್ನು ಸುರಂಗದ ಬಾಯಿಗೆ ಸರಿಯಾಗಿ ಅಡ್ಡ ಇಟ್ಟಳು. ಹಳೆಯ ನಿಯಮದಲ್ಲಿ ಈಟಿಯ ಅಳತೆಗೆ, ಅಂದರೆ ಅದು ಎಟಕುವ ದೂರಕ್ಕೆ, ಸಿಕ್ಕವನ ಮೇಲೆ ತಡೆಹೊಡೆತ, ಅಂದರೆ ಅವನನ್ನು ತಡೆಯಲು ಒಂದು ಪೆಟ್ಟು, ಇತ್ತು. ಪೆಟ್ಟು ತಾಗಿದರೆ ಅವನು ಅಲ್ಲೇ ನಿಲ್ಲಬೇಕಿತ್ತು. ಹೊಸ ಪುಸ್ತಕದಲ್ಲಿ ತಡೆಹೊಡೆತವೇ ಇಲ್ಲ, ಈಟಿಗೂ ಚಾಕುವಿಗೂ ಒಂದೇ ಅಳತೆ. ಮೂವರು ಶತ್ರುಗಳು ಅವಳ ಪಕ್ಕದಲ್ಲೇ ಓಡಿಹೋಗಿ ಗಾಯಾಳುಗಳನ್ನು ಕೊಂದರು. ನಿಯಮದ ಪ್ರಕಾರ ನಾನೇ ಅವರನ್ನು ಓಡಿಸಬೇಕಾಯಿತು. "ಹಾಗಾದ್ರೆ ನಾನು ಇಲ್ಲಿ ನಿಂತು ಏನು ಉಪಯೋಗ?" ಎಂದು ಅವಳು ಕೇಳಿದಳು. ಪುಸ್ತಕ ತಿರುವಿ ಹಾಕಿದೆ. ಹೇಳಲು ಏನೂ ಸಿಗಲಿಲ್ಲ.

ಪೆಟ್ಟಿನ ಅಂಕವನ್ನು ಸ್ಥಿರ ಮಾಡಿದ್ದೂ ಅಷ್ಟೇ ಬೇಸರದ ಸಂಗತಿ. 20 ಪ್ರಾಣಾಂಕದ (ಪೆಟ್ಟು ಬಿದ್ದಷ್ಟೂ ಇಳಿಯುವ ಅಂಕ) ರಾಕ್ಷಸನಿಗೆ ಕತ್ತಿಯ ಪ್ರತಿ ಪೆಟ್ಟೂ 5 ಎಂದಾದರೆ ನಾಲ್ಕು ಪೆಟ್ಟಿಗೆ ಸಾಯುತ್ತಾನೆ. ಮೂರಕ್ಕೂ ಇಲ್ಲ, ಐದಕ್ಕೂ ಇಲ್ಲ. ಎಂಟು ಮುಖದ ದಾಳ ಇದ್ದಾಗ ಅದೃಷ್ಟ ಖುಲಾಯಿಸಿದರೆ ಮೂರೇ ಪೆಟ್ಟಿಗೆ ಮುಗಿಯುತ್ತಿತ್ತು, ಒಂದು ಎರಡು ಬಿದ್ದರೆ ಉಸಿರು ಬಿಗಿಹಿಡಿಯಬೇಕಿತ್ತು. ಈಗ ಎರಡನೇ ಪೆಟ್ಟಿನ ಹೊತ್ತಿಗೇ ಎಲ್ಲರೂ ಬೆರಳು ಮಡಚಿ ಲೆಕ್ಕ ಹಾಕಿಬಿಟ್ಟಿರುತ್ತಾರೆ.

ಸರಳ ಮಾಡುವುದೇ ತಪ್ಪು ಎನ್ನುವವನಲ್ಲ ನಾನು. ಹೆಸರಾಂತ ರೋಲ್‌ಪ್ಲೇಯಿಂಗ್ ಆಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 2000ರ ಮೂರನೇ ಆವೃತ್ತಿಯಲ್ಲಿ, ಪೆಟ್ಟು ತಾಗಿತೇ ಎಂದು ಲೆಕ್ಕ ಹಾಕುವ 'ಥಾಕೊ' ಪದ್ಧತಿಯನ್ನು ಕೈಬಿಟ್ಟಿತು. ಕವಚದ ಅಂಕ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ತಲೆಕೆಳಗಾದ ಲೆಕ್ಕ ಹೋಗಿ, ಕೂಡಿಸಿದರೆ ಸಾಕು ಎಂದಾಯಿತು. 2014ರ ಐದನೇ ಆವೃತ್ತಿ ಚಿಲ್ಲರೆ ಕೂಡು-ಕಳೆಗಳಲ್ಲಿ ಹೆಚ್ಚಿನವನ್ನು ಬದಿಗಿಟ್ಟು, ಅನುಕೂಲ ಇದ್ದವರು ಇಪ್ಪತ್ತು ಮುಖದ ದಾಳವನ್ನು ಎರಡು ಬಾರಿ ಉರುಳಿಸಿ ದೊಡ್ಡ ಅಂಕ ಹಿಡಿಯಲಿ ಎಂದಿತು. ಎರಡರಲ್ಲೂ ಲೆಕ್ಕ ಹಗುರಾಯಿತು, ಎಲ್ಲಿ ನಿಲ್ಲಬೇಕು, ಯಾವಾಗ ಹಿಂದೆ ಸರಿಯಬೇಕು ಎಂಬುದು ಆಟಗಾರರ ಕೈಯಲ್ಲೇ ಉಳಿಯಿತು. ನಿಮ್ಮ ಹಳೆಯ ಪುಸ್ತಕದಲ್ಲಿ ಎರಡು ಪುಟ ತುಂಬಿದ್ದ ಮಲ್ಲಯುದ್ಧದ ನಿಯಮ ಈಗ ದಾಳವನ್ನು ಒಂದೇ ಬಾರಿ ಉರುಳಿಸುವುದಕ್ಕೆ ಇಳಿದಿದೆ. ಅದು ನಿಜಕ್ಕೂ ಒಳ್ಳೆಯ ಕೆಲಸ, ನಮ್ಮ ಮೇಜಿನಲ್ಲಿ ಎಲ್ಲರಿಗೂ ಇಷ್ಟವಾಯಿತು. ಉಳಿದ ಅಧ್ಯಾಯಕ್ಕೂ ಅದೇ ಕೈ ತಾಗಬೇಕಿತ್ತು.

ಇನ್ನೊಂದು ವಿಷಯಕ್ಕೆ ನೀವು ನೇರ ಉತ್ತರ ಕೊಡಲೇಬೇಕು. ಹಳೆಯ ಸಾಹಸ ಕಥೆಗಳನ್ನೆಲ್ಲ ಇದರಲ್ಲಿ ಹಾಗೆಯೇ ಆಡಬಹುದು ಎಂದು ಹಿಂಬದಿಯ ಹೊದಿಕೆಯಲ್ಲಿ ಅಚ್ಚು ಹಾಕಿದ್ದೀರಿ. ನಿಮ್ಮಿಂದಲೇ ಕೊಂಡ ಒಂಬತ್ತು ಸಾಹಸಗಳು ನನ್ನ ಬಳಿ ಇವೆ. ಒಂದೊಂದು ಪ್ರಾಣಿಗೂ, ಸೈನಿಕನಿಗೂ ತಡೆಹೊಡೆತದ ಅಂಕ, ಆಯುಧದ ಅಳತೆ ನಮೂದಾಗಿದೆ. ಅವನ್ನು ಹೊಸ ನಿಯಮಕ್ಕೆ ಹೇಗೆ ಬದಲಿಸಬೇಕೆಂದು ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಆದ್ದರಿಂದ ಆಯುಧದ ಅಳತೆ, ತಡೆಹೊಡೆತ ಮತ್ತು ದಾಳದ ಪೆಟ್ಟನ್ನು ಐಚ್ಛಿಕ ನಿಯಮಗಳಾಗಿ ಪಿಡಿಎಫ್ ರೂಪದಲ್ಲಿ, ಪುಸ್ತಕ ಕೊಂಡವರಿಗೆ ಉಚಿತವಾಗಿ ಕೊಡಿ. ಹಳೆಯ ಸಾಹಸಗಳಿಗೆ ಪರಿವರ್ತನೆಯ ಕೋಷ್ಟಕ ಪ್ರಕಟಿಸಿ. ಅದು ಆಗುವವರೆಗೆ ಹೊದಿಕೆಯ ಆ ಸಾಲನ್ನು ಮುಂದಿನ ಮುದ್ರಣದಿಂದ ತೆಗೆಯಿರಿ. ಇವು ಯಾವುದೂ ಆಗದು ಎನ್ನುವುದಾದರೆ ಪುಸ್ತಕ ವಾಪಸ್ ತೆಗೆದುಕೊಂಡು ನನ್ನ ಹಣ ಹಿಂದಿರುಗಿಸಿ.

ನಮ್ಮ ಈಟಿಗಾರ್ತಿಯ ಆಟ ಸುರಂಗದ ಬಾಯಲ್ಲೇ ನಿಂತಿದೆ. ನಿಮ್ಮ ಉತ್ತರ ಬರುವ ತನಕ ಅದನ್ನು ಮುಂದುವರಿಸುವುದಿಲ್ಲ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದೇವೆ.

ಇತಿ,
ನಿಮ್ಮ ಹಳೆಯ ಗ್ರಾಹಕ