ಆ ರಾತ್ರಿ ಮನೆಗೆ ಹೋಗದೆ ಉಳಿದ ಸಿಸ್ಟರ್‌ಗೆ

ಕುಡಿತ, ಮಾದಕ ವ್ಯಸನಕ್ಕೆ ಚಿಕಿತ್ಸೆ ಕೊಡುವುದನ್ನು ಡಾಕ್ಟರ್‌ಗಳಿಗೆ ಕಲಿಸುವ ನನ್ನ ತರಬೇತಿ ಹೋದ ಬುಧವಾರ ಮುಗಿಯಿತು. ಒಂದು ವರ್ಷ, ವಾರಕ್ಕೊಂದು ಮಧ್ಯಾಹ್ನ, ಒಪಿಡಿ ಮುಗಿಸಿ ಊಟ ಅರ್ಧಕ್ಕೆ ಬಿಟ್ಟು ಮೊಬೈಲ್ ಮುಂದೆ ಕೂರುತ್ತಿದ್ದುದು ನಿಮಗೆಲ್ಲ ಗೊತ್ತೇ ಇದೆ. ಸರ್ಟಿಫಿಕೇಟ್ ಫೋಟೋ ಹಾಕಿದ ಮೇಲೆ ಎಷ್ಟೊಂದು ಜನ ಶುಭ ಹಾರೈಸಿದಿರಿ. ಒಬ್ಬೊಬ್ಬರಿಗೂ ಉತ್ತರ ಬರೆಯಲು ಆಗಲಿಲ್ಲ, ಅದಕ್ಕೇ ಎಲ್ಲರಿಗೂ ಸೇರಿಸಿ ಇದನ್ನು ಬರೆಯುತ್ತಿದ್ದೇನೆ.

ಈ ತರಬೇತಿಗೆ ಯಾಕೆ ಸೇರಿದೆ ಅಂತ ತುಂಬಾ ಜನ ಕೇಳಿದ್ದಿರಿ. ಆಗ ಏನೋ ಒಂದು ಹೇಳಿ ಸುಮ್ಮನಾಗಿದ್ದೆ. ಈಗ ಹೇಳುತ್ತೇನೆ. ಹಲವು ವರ್ಷಗಳ ಹಿಂದೆ, ಬೇರೆ ಊರಿನಲ್ಲಿ ಕೆಲಸದಲ್ಲಿದ್ದಾಗ, ಕಾಲು ಮುರಿದುಕೊಂಡ ಒಬ್ಬರು ಅಡ್ಮಿಟ್ ಆಗಿದ್ದರು. ಎರಡು ದಿನ ಚೆನ್ನಾಗೇ ಇದ್ದರು. ಮೂರನೇ ರಾತ್ರಿ ಗೋಡೆ ಮೇಲೆ ಹುಳ ಹರಿಯುತ್ತಿದೆ ಅಂತ ಕೂಗಾಡಲು ಶುರು ಮಾಡಿದರು. ಮನೆಯವರು ಗಾಳಿ ಸೋಕಿದೆ ಅಂದರು. ನಾವು ಕೈಕಾಲು ಕಟ್ಟಿಹಾಕಿದೆವು. ದಿನಾ ಕುಡಿಯುತ್ತಿದ್ದರಾ, ಕೊನೆಯ ಸಲ ಕುಡಿದದ್ದು ಯಾವಾಗ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಬೆಳಕು ಹರಿಯುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ದಿನಾ ಜಾಸ್ತಿ ಕುಡಿಯುವವರಿಗೆ ಕುಡಿತ ಒಮ್ಮೆಲೇ ನಿಂತರೆ ಎರಡು ಮೂರು ದಿನಕ್ಕೆ ಹೀಗಾಗಬಹುದು, ಜೀವಕ್ಕೇ ಅಪಾಯ ಅಂತ ಎಂಬಿಬಿಎಸ್‌ನಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಕಣ್ಣೆದುರು ಬಂದಾಗ ಗುರುತು ಹಿಡಿಯಲಿಲ್ಲ.

ಅವರ ಹೆಂಡತಿ ಬೆಳಿಗ್ಗೆ ನನಗೆ ಕೈ ಮುಗಿದು ಹೋದರು. ಆ ಕೈ ಮುಗಿದದ್ದು ನನಗೆ ಇವತ್ತಿಗೂ ಮರೆತಿಲ್ಲ.

ಈ ತರಬೇತಿ ಕೊಟ್ಟ, ಬೆಂಗಳೂರಿನ ನಿಮ್ಹಾನ್ಸ್‌ನ ಸೆಂಟರ್ ಫಾರ್ ಅಡಿಕ್ಷನ್ ಮೆಡಿಸಿನ್‌ನ ಮೇಷ್ಟ್ರುಗಳಿಗೆ, ಮೆಂಟರ್‌ಗಳಿಗೆ ನನ್ನ ನಮಸ್ಕಾರ. ಎಕೋ ಅನ್ನುವ ಈ ಕಲಿಕೆಯ ಕ್ರಮವನ್ನು 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಡಾ. ಸಂಜೀವ್ ಅರೋರಾ ಶುರು ಮಾಡಿದರು. ಹೆಪಟೈಟಿಸ್ ಸಿ ಬಂದವರು ದೂರದ ತಜ್ಞರನ್ನು ನೋಡಲು ತಿಂಗಳುಗಟ್ಟಲೆ ಕಾಯುತ್ತಿದ್ದರಂತೆ. ರೋಗಿ ಅಷ್ಟು ದೂರ ಬರುವ ಬದಲು, ಊರಿನ ಡಾಕ್ಟರ್‌ಗೇ ಕಲಿಸಿಬಿಡೋಣ ಅಂತ ಅವರು ಯೋಚಿಸಿದರು. ನಮ್ಮ ದೇಶಕ್ಕೆ ಇದು ಎಷ್ಟು ಬೇಕು ಅಂದರೆ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆ ಪ್ರಕಾರ ಮದ್ಯಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿತ್ತು. ಉಳಿದ 37 ಜನ ನಮ್ಮಂಥ ಆಸ್ಪತ್ರೆಗಳಿಗೇ ಬರುತ್ತಾರೆ. ಹೊಟ್ಟೆನೋವು, ನಿದ್ದೆ ಇಲ್ಲ, ಬಿದ್ದು ಗಾಯ ಅಂತ ಬಂದು ಚೀಟಿ ಮಾಡಿಸುತ್ತಾರೆ. ನಾವು ಮಾತ್ರೆ ಬರೆದು ಕಳಿಸುತ್ತೇವೆ.

ಮೇಷ್ಟ್ರು ಕಲಿಸಿದ್ದರಲ್ಲಿ ನನಗೆ ದೊಡ್ಡದು ಅನಿಸಿದ್ದು ಕೇಳುವ ರೀತಿ. "ಕುಡೀತೀಯೇನಯ್ಯಾ?" ಅಂದರೆ "ಇಲ್ಲ" ಅನ್ನುತ್ತಾರೆ. "ಹೋದ ವಾರ ಎಷ್ಟು ದಿನ ತಗೊಂಡ್ರಿ ಅಣ್ಣಾ, ದಿನಕ್ಕೆ ಎಷ್ಟು?" ಅಂದರೆ ಲೆಕ್ಕ ಹೇಳುತ್ತಾರೆ. "ಎರಡು ನೈಂಟಿ ಅಷ್ಟೇ ಮೇಡಂ" ಅಂದರೆ ಅದು 180 ಎಂಎಲ್. 30 ಎಂಎಲ್‌ಗೆ ಒಂದು ಡ್ರಿಂಕ್ ಅಂತ ಹಿಡಿದರೆ ಆರು ಆಯಿತು. ಕುಡಿತ ಎಷ್ಟು ಅಪಾಯದ ಮಟ್ಟದಲ್ಲಿದೆ ಅಂತ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್ ಅನ್ನುವ ಪಟ್ಟಿಯಲ್ಲಿ 10 ಪ್ರಶ್ನೆ ಇದೆ, ಸಮಾಧಾನವಾಗಿ ಕೇಳಿದರೆ ಐದು ನಿಮಿಷವೂ ಬೇಡ. ಈ ಐದು ನಿಮಿಷವನ್ನು ಇಷ್ಟು ವರ್ಷ ನಾನು ಯಾರಿಗೂ ಕೊಟ್ಟಿರಲಿಲ್ಲ.

ಈಗ ಸಿಸ್ಟರ್ ವಿಷಯ. ಹೆಸರು ಹಾಕಬೇಡಿ ಅಂತ ಅವರೇ ಕೈ ಹಿಡಿದು ಹೇಳಿದ್ದಾರೆ, ಹಾಕುವುದಿಲ್ಲ. ನಮ್ಮ ಆಸ್ಪತ್ರೆಯವರಿಗೆ ಯಾರು ಅಂತ ಗೊತ್ತಾಗುತ್ತದೆ.

ಅವರು ತರಬೇತಿಗೆ ಸೇರಿದವರಲ್ಲ. ಬುಧವಾರ ನಾನು ಕ್ಲಾಸ್ ಕೇಳುವಾಗ ಅದೇ ರೂಮಿನ ಮೂಲೆಯಲ್ಲಿ ಗಾಜ್ ಬಟ್ಟೆ ಮಡಚುತ್ತಾ ಕೂತಿರುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದಾರೆ ಅಂತ ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗಿದ್ದು ಆ ಡಿಸೆಂಬರ್ ರಾತ್ರಿ.

ಬಂದವರು ಗಾರೆ ಕೆಲಸದ ಮೇಸ್ತ್ರಿ. ಅಯ್ಯಪ್ಪ ಮಾಲೆ ಹಾಕಿಕೊಂಡು ಒಂದೇ ಸಲಕ್ಕೆ ಕುಡಿತ ಬಿಟ್ಟಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬಿಟ್ಟಿದ್ದರು ಪಾಪ. ಮನೆಯಲ್ಲಿ ಒಂದು ಸಲ ಫಿಟ್ಸ್ ಬಂದು, ಸಂಜೆ ಕರೆದುಕೊಂಡು ಬಂದರು. ಜಿಲ್ಲಾ ಆಸ್ಪತ್ರೆಗೆ ಕಳಿಸೋಣ ಅಂದರೆ ಆಂಬುಲೆನ್ಸ್ ಬೇರೆ ಕೇಸಿಗೆ ಹೋಗಿತ್ತು. ರಾತ್ರಿ ಪಾಳಿಗೆ ಇದ್ದದ್ದು ಒಬ್ಬರೇ ನರ್ಸ್, ಅವರಿಗೆ ಎರಡು ಹೆರಿಗೆ ಕೇಸ್. ಈ ಸಿಸ್ಟರ್‌ಗೆ ಎಂಟು ಗಂಟೆಗೇ ಡ್ಯೂಟಿ ಮುಗಿದಿತ್ತು. ಬ್ಯಾಗ್ ಹೆಗಲಿಗೆ ಹಾಕಿಕೊಂಡಿದ್ದವರು ಮೇಸ್ತ್ರಿ ಕೈ ನೋಡಿದರು, ಮತ್ತೆ ಬ್ಯಾಗ್ ಕೆಳಗಿಟ್ಟರು.

ಗಾಬರಿಯಲ್ಲಿ ನಾನು ಗ್ಲೂಕೋಸ್ ಬಾಟಲಿ ಹಾಕಿ ಅಂದುಬಿಟ್ಟೆ. ಮನೆಯವರೂ ಅದನ್ನೇ ಕೇಳುತ್ತಿದ್ದರು, ನಮ್ಮ ಕಡೆ ಬಾಟಲಿ ಹಾಕಿದರೇ ಚಿಕಿತ್ಸೆ ಅಲ್ವಾ. ಸಿಸ್ಟರ್ ನನ್ನ ಹತ್ತಿರ ಬಂದು ಮೆಲ್ಲಗೆ, "ಮೇಡಂ, ಬಿ-ಒನ್ ಮೊದಲು ಅಂದಿದ್ರಲ್ವಾ ಕ್ಲಾಸಲ್ಲಿ?" ಅಂದರು. ನಾನು ಹಾಗೇ ನಿಂತೆ. ವರ್ಷಗಟ್ಟಲೆ ಕುಡಿದವರ ಮೈಯಲ್ಲಿ ಥಯಮಿನ್, ಅಂದರೆ ವಿಟಮಿನ್ ಬಿ-ಒನ್, ಬರಿದಾಗಿರುತ್ತದೆ, ಅದನ್ನು ಕೊಡದೆ ಗ್ಲೂಕೋಸ್ ಹಾಕಿದರೆ ಮೆದುಳಿಗೆ ಪೆಟ್ಟು ಬೀಳಬಹುದು, ಹೋದ ನೆನಪು ಮತ್ತೆ ಬಾರದೇ ಇರಬಹುದು. ಅದು ನನಗೆ ಗೊತ್ತಿತ್ತು. ಆ ಗಳಿಗೆಯಲ್ಲಿ ನೆನಪಿಗೆ ಬಂದಿದ್ದು ಅವರಿಗೆ.

ಔಷಧಿಯ ಲೆಕ್ಕ ಇಲ್ಲಿ ಬರೆಯುವುದಿಲ್ಲ. ಮೆಂಟರ್ ರಾತ್ರಿ ಒಂದು ಗಂಟೆಯಲ್ಲೂ ಫೋನ್ ಎತ್ತಿದರು, ಅವರು ಹೇಳಿದಂತೆ ಕೊಡುತ್ತಾ ಹೋದೆವು. ಆದರೆ ಔಷಧಿ ಹಿಡಿಯುವ ತನಕ ಮನುಷ್ಯನನ್ನು ಹಿಡಿದುಕೊಳ್ಳಬೇಕಲ್ಲ. ಮೇಸ್ತ್ರಿ ಎದ್ದು ಕೂತು ಬೆಡ್‌ಶೀಟ್‌ನಿಂದ ಗಾರೆ ತೆಗೆದು ಗೋಡೆಗೆ ಬಳಿಯುತ್ತಿದ್ದರು. ಬರಿಗೈ. ಎಡಗೈಯಲ್ಲಿ ಇಲ್ಲದ ಇಟ್ಟಿಗೆ, ಬಲಗೈಯಲ್ಲಿ ಇಲ್ಲದ ಕರಣೆ. ಅವರ ತಮ್ಮ "ಕಟ್ಟಿಹಾಕಿ ಮೇಡಂ, ಬಿದ್ದುಬಿಡ್ತಾನೆ" ಅಂದರು. ನನ್ನ ಹಳೆಯ ರಾತ್ರಿ ಎದುರಿಗೇ ಬಂದು ನಿಂತಂತಾಯಿತು, ಕೈ ನಡುಗಿತು, ಮಾತು ಬರಲಿಲ್ಲ.

ಸಿಸ್ಟರ್ ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. "ಸ್ವಾಮಿ, ಈ ಸಾಲು ಮುಗೀತು. ನೀರು ಕುಡೀರಿ, ಆಮೇಲೆ ಮುಂದಿನ ಸಾಲು ಕಟ್ಟೋಣ" ಅಂದರು. ಅವರು ಕುಡಿದರು. ಮತ್ತೆ ಒಂದು ಸಾಲು ಕಟ್ಟಿದರು. ಸಿಸ್ಟರ್ ಮತ್ತೆ ನೀರು ಕೊಟ್ಟರು. ಎರಡೂವರೆಗೆ ಕರೆಂಟ್ ಹೋಯಿತು. ಕತ್ತಲಲ್ಲಿ, ನೆರಳಲ್ಲಿ ಇಂಥವರಿಗೆ ಭಯ ಹೆಚ್ಚಾಗುತ್ತದೆ ಅಂತ ಅವರು ತಮ್ಮ ಮೊಬೈಲ್ ಟಾರ್ಚನ್ನು ಚಾವಣಿಗೆ ಹಿಡಿದು ಕೂತರು, ನೆರಳು ಗೋಡೆ ಮೇಲೆ ಬೀಳದ ಹಾಗೆ. ಕೊರಳಿನ ಮಾಲೆ ಎಳೆದು ಹರಿದುಕೊಂಡಾರು ಅಂತ ಅದರ ಮೇಲೆ ಮೆತ್ತಗೆ ಗಾಜ್ ಸುತ್ತಿದ್ದರು. ತೆಗೆಯಲಿಲ್ಲ. "ಎಚ್ಚರ ಆದ ಮೇಲೆ ಮೊದಲು ಅದನ್ನೇ ಹುಡುಕ್ತಾರೆ ಮೇಡಂ" ಅಂದರು. ಬೆಳಗಿನ ಜಾವ ಮೇಸ್ತ್ರಿಗೆ ನಿದ್ದೆ ಹತ್ತಿತು. ನಾಲ್ಕನೇ ದಿನ ಪೂರ್ತಿ ಎಚ್ಚರವಾದಾಗ ಅವರ ಕೈ ನಿಜವಾಗಿಯೂ ಮೊದಲು ಕೊರಳಿಗೇ ಹೋಯಿತು.

ಸಿಸ್ಟರ್, ನೀವು ಹೋಗಿದ್ದರೆ ಯಾರೂ ನಿಮ್ಮನ್ನು ಕೇಳುತ್ತಿರಲಿಲ್ಲ. ನಿಮ್ಮ ಚಿಕ್ಕ ಮಗಳು ಜ್ವರದಲ್ಲಿದ್ದಳು ಅಂತ ನನಗೆ ಗೊತ್ತಾಗಿದ್ದು ವಾರದ ಮೇಲೆ. ಆ ರಾತ್ರಿ ನಾನು ಅಳುತ್ತಿದ್ದಾಗ ನೀವು ನೋಡದವರಂತೆ ಇದ್ದಿರಿ. ಎಷ್ಟೋ ವರ್ಷದಿಂದ ಎದೆಯಲ್ಲಿದ್ದ ಭಾರ ಪೂರ್ತಿ ಇಳಿಯಿತು ಅಂತ ಹೇಳಲಾರೆ. ಆದರೆ ನಿದ್ದೆ ಬರುತ್ತಿದೆ.

ಇನ್ನು ಉಳಿದವರು. ಲೊರಾಜೆಪಾಮ್, ಥಯಮಿನ್ ಸ್ಟಾಕ್ ಖಾಲಿಯಾಗದಂತೆ ನೋಡಿಕೊಂಡ ಫಾರ್ಮಸಿ ಅಣ್ಣ, ಮನೆಮನೆಗೆ ಹೋಗಿ ಮಾತಾಡಿ ಕರೆತಂದ ಆಶಾ ಅಕ್ಕಂದಿರು, ಬುಧವಾರದ ಒಪಿಡಿ ಹಂಚಿಕೊಂಡ ಸಹೋದ್ಯೋಗಿಗಳು, ರಾತ್ರಿ ಎಷ್ಟೊತ್ತಿಗೆ ಬಂದರೂ ಅನ್ನ ಬಿಸಿ ಮಾಡಿಕೊಟ್ಟ ಅತ್ತೆ, ಎಲ್ಲರಿಗೂ ಧನ್ಯವಾದ. ನೋವಿನ ಮಾತ್ರೆಗೆ ಅಂಟಿಕೊಂಡ ಇಬ್ಬರು ಹುಡುಗರ ವಿಷಯದಲ್ಲಿ ನನಗೆ ದಾರಿ ತೋರಿಸಿದ ಬ್ಯಾಚ್‌ಮೇಟ್‌ಗಳಿಗೂ.

"ಗೊತ್ತಾಗದ ಹಾಗೆ ಸಾರಿನಲ್ಲಿ ಹಾಕೋ ಮಾತ್ರೆ ಕೊಡಿ ಮೇಡಂ" ಅಂತ ಬರುವ ಅಮ್ಮಂದಿರಿಗೆ ಒಂದು ಮಾತು. ಹಾಗೆ ಕೊಡಲು ಆಗುವುದಿಲ್ಲ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಮಾತ್ರೆ ಹೊಟ್ಟೆಯಲ್ಲಿರುವಾಗ ಗೊತ್ತಿಲ್ಲದೆ ಕುಡಿದರೆ ಜೀವಕ್ಕೆ ಅಪಾಯ. ಸಿಟ್ಟು ಮಾಡಿಕೊಳ್ಳಬೇಡಿ. ಅವರನ್ನು ಕರೆದುಕೊಂಡು ಬನ್ನಿ, ಬರಲ್ಲ ಅಂದರೆ ನೀವಾದರೂ ಬನ್ನಿ. ಬರಲು ಆಗದವರು ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ಮತ್ತೆ ದಯವಿಟ್ಟು, ಮಾಲೆ ಹಾಕುವ ಮುಂಚೆ, ಹರಕೆ ಹೊರುವ ಮುಂಚೆ, ದಿನಾ ಕುಡಿಯುವವರು ಇದ್ದರೆ ನಮ್ಮ ಹತ್ತಿರ ಬಂದು ಹೇಳಿ. ಬಿಡಬೇಡಿ ಅಂತ ನಾವು ಹೇಳುವುದಿಲ್ಲ. ಬಿಡುವಾಗ ಜೊತೆಗಿರುತ್ತೇವೆ.

ಮೇಸ್ತ್ರಿ ಜಾತ್ರೆಯ ಹೊತ್ತಿಗೆ ಒಂದು ಸಲ ಮತ್ತೆ ಕುಡಿದರು. ಮೂರನೇ ದಿನಕ್ಕೆ ತಾವಾಗೇ ಬಂದು ಒಪಿಡಿ ಸಾಲಿನಲ್ಲಿ ನಿಂತಿದ್ದರು. ಮೊದಲೆಲ್ಲ ಹೀಗೆ ಮತ್ತೆ ಬಂದವರಿಗೆ ನಾನು ಬೈಯುತ್ತಿದ್ದೆ. ಈ ಸಲ ಕುರ್ಚಿ ತೋರಿಸಿ ಕೂರಿಸಿದೆ. ಶುಗರ್ ಏರಿತು ಅಂತ ಬಂದವರಿಗೆ ಬೈಯುತ್ತೇವಾ?

ಸಿಸ್ಟರ್‌ಗೆ ಹೋದ ತಿಂಗಳು ಬೇರೆ ತಾಲೂಕಿಗೆ ವರ್ಗ ಆಯಿತು. ಹೋಗುವಾಗ ಒಂದು ಗೆರೆ ಹಾಕಿದ ನೋಟ್‌ಬುಕ್ ಬಿಟ್ಟುಹೋದರು. ಕ್ಲಾಸಿನಲ್ಲಿ ಕೇಳಿದ್ದನ್ನೆಲ್ಲ ಕನ್ನಡದಲ್ಲಿ ಬರೆದಿಟ್ಟಿದ್ದಾರೆ: ಎರಡೂ ಕೈ ಮುಂದೆ ಚಾಚಿಸಿ ಬೆರಳು ಅಗಲಿಸಿ ನೋಡಬೇಕು, ಹಣೆ ಬೆವರು ನೋಡಬೇಕು, ಇವತ್ತು ಯಾವ ವಾರ ಅಂತ ಕೇಳಬೇಕು, ದೀಪ ಆರಿಸಬಾರದು. ಅದನ್ನು ವಾರ್ಡಿನ ಟ್ರಾಲಿಯ ಕೆಳಗಿನ ಖಾನೆಯಲ್ಲಿ ಇಟ್ಟಿದ್ದೇವೆ. ನಿನ್ನೆ ರಾತ್ರಿ ಹೊಸ ಸಿಸ್ಟರ್ ಅದರಲ್ಲಿ ಒಂದು ಪುಟ ಬರೆದಿದ್ದಾರೆ.